ಬಾತುಕೋಳಿಯ ಲಿವರ್‌ಗೆ ಬೆಲೆ ಕಟ್ಟುವುದು ಹೇಗೆ?

(ಸಂಘದ ವಾರದ ಸಭೆಗಾಗಿ ಪಾಠ)



ಕೋಳಿ, ಕುರಿ, ಹಸು ಸಾಕಣೆಯ ಬಗ್ಗೆ ನಮ್ಮ ಸಂಘಗಳಲ್ಲಿ ಸಾಕಷ್ಟು ಚರ್ಚೆ ಆಗಿದೆ. ಬಾತುಕೋಳಿಯ ಬಗ್ಗೆ ಮಾತಾಡಿದ್ದು ಕಡಿಮೆ. "ಬಾತುಕೋಳಿ ಲಿವರ್‌ಗೆ ಹೊರದೇಶದಲ್ಲಿ ಕಿಲೋಗೆ ಸಾವಿರಾರು ರೂಪಾಯಿ ಅಂತೆ, ದೊಡ್ಡ ಹೋಟೆಲ್‌ನವರು ಹುಡುಕಿಕೊಂಡು ಬರ್ತಾರಂತೆ, ಸಂಘದಿಂದ ಸಾಲ ತಗೊಂಡು ನಾವೂ ಯಾಕೆ ಸಾಕಬಾರದು?" ಎಂಬ ಪ್ರಶ್ನೆ ಯಾವ ಸಂಘದಲ್ಲಾದರೂ ಏಳಬಹುದು. ಒಳ್ಳೆಯ ಪ್ರಶ್ನೆಯೇ. ಆದರೆ "ಅಂತೆ" ಅನ್ನುವ ಮಾತಿನ ಮೇಲೆ ಸಾಲ ಮಾಡಬಾರದು. ಸಾಲ ತೀರಿಸುವವರು ನಾವು, ಅಂತೆ ಅಂದವರಲ್ಲ.

ಈ ಪಾಠದಲ್ಲಿ ನಾಲ್ಕು ವಿಷಯ ತಿಳಿಯೋಣ. ಬಾತುಕೋಳಿ ಲಿವರ್‌ನ ಬೆಲೆ ಹೇಗೆ ಹುಟ್ಟುತ್ತದೆ? ಹೊರದೇಶದ ದರ ನಮಗೆ ಯಾಕೆ ಸಿಗುವುದಿಲ್ಲ? ನಮ್ಮ ಖರ್ಚಿನ ಲೆಕ್ಕ ಹಾಕುವುದು ಹೇಗೆ? ಸಂಘದ ಸಾಲ ಕೊಡುವ ಮುಂಚೆ ಏನು ಕೇಳಬೇಕು?

ಇಲ್ಲಿ ಲಿವರ್ ಎಂದೇ ಬರೆದಿದ್ದೇವೆ. ಶಾಲೆಯ ಪುಸ್ತಕದಲ್ಲಿ ಅದು ಪಿತ್ತಜನಕಾಂಗ. ಅಂಗಡಿಯಲ್ಲಿ ಕೆಲವರು ಕಲೇಜಿ ಅನ್ನುತ್ತಾರೆ.

1. ಒಂದು ಹಕ್ಕಿ, ಹಲವು ಸರಕು

ರಾಗಿ ಬೆಳೆದರೆ ರಾಗಿಯೂ ಸಿಗುತ್ತದೆ, ಹುಲ್ಲೂ ಸಿಗುತ್ತದೆ. ಹುಲ್ಲಿಗೆ ಬೆಲೆ ಏರಿತು ಅಂತ ಹುಲ್ಲನ್ನೇ ಹೆಚ್ಚು ಬೆಳೆಯೋದಕ್ಕೆ ಆಗುತ್ತದೆಯೇ? ಹುಲ್ಲು ಬೇಕಾದರೆ ರಾಗಿಯೂ ಜೊತೆಗೇ ಬರುತ್ತದೆ. ಬಾತುಕೋಳಿಯ ಲಿವರ್ ಕೂಡ ಹಾಗೆಯೇ. ಒಂದು ಹಕ್ಕಿಗೆ ಒಂದೇ ಲಿವರ್. ಎರಡೂವರೆ ಕಿಲೋ ತೂಗುವ ಮಾಂಸದ ಬಾತಿನಲ್ಲಿ ಅದು ಸಾಮಾನ್ಯವಾಗಿ 50ರಿಂದ 80 ಗ್ರಾಂ ಇರುತ್ತದೆ. ಅಂದರೆ ಒಂದು ಕಿಲೋ ಲಿವರ್ ಬೇಕಾದರೆ ಹದಿನೈದು ಇಪ್ಪತ್ತು ಬಾತು ಬೇಕು. ಅಷ್ಟು ಬಾತಿನ ಮಾಂಸಕ್ಕೂ ಗಿರಾಕಿ ಇರಬೇಕು.

ಆದ್ದರಿಂದ ಲಿವರ್‌ನ ಬೆಲೆಯನ್ನು ಅದೊಂದನ್ನೇ ನೋಡಿ ಹೇಳಲಾಗದು. ಒಂದು ಹಕ್ಕಿಯಿಂದ ಮಾಂಸ, ಲಿವರ್, ಗುಂಡಿಗೆ, ಗಿಜರ್ಡ್ (ಕಾಳು ಅರೆಯುವ ಚೀಲ), ಕತ್ತು, ಕಾಲು, ಪುಕ್ಕ ಎಲ್ಲಾ ಬರುತ್ತವೆ. ಸಾಕಿದ ಖರ್ಚು ಒಂದೇ, ಸರಕು ಹಲವು. ಎಲ್ಲಾ ಸರಕೂ ಸೇರಿ ಆ ಖರ್ಚನ್ನು ತೀರಿಸಬೇಕು. ಯಾವುದನ್ನಾದರೂ ಪುಕ್ಕಟೆ ಕೊಟ್ಟರೆ ಉಳಿದದ್ದರ ಮೇಲೆ ಅದರ ಭಾರ ಬೀಳುತ್ತದೆ.

ನಮ್ಮ ಬೆಂಗಳೂರಿನ ಚಿಕನ್ ಅಂಗಡಿಗಳನ್ನು ಗಮನಿಸಿ. ಅಲ್ಲಿ ಬ್ರಾಯ್ಲರ್ ಕೋಳಿಯ ಲಿವರ್ ಮತ್ತು ಗಿಜರ್ಡ್ ಬೇರೆ ಇಟ್ಟು ಸಾಮಾನ್ಯವಾಗಿ ಮಾಂಸಕ್ಕಿಂತ ಕಡಿಮೆ ದರಕ್ಕೆ ಮಾರುತ್ತಾರೆ. ಇದಕ್ಕೆ ಕಾರಣಗಳಿವೆ. ದಿನಕ್ಕೆ ನೂರಾರು ಕೋಳಿ ಕುಯ್ಯುವ ಕಡೆ ಲಿವರ್ ರಾಶಿ ಬೀಳುತ್ತದೆ, ತಿನ್ನುವವರು ಕಡಿಮೆ. ಲಿವರ್ ಮಾಂಸಕ್ಕಿಂತ ಬೇಗ ಕೆಡುತ್ತದೆ, ಹಾಗಾಗಿ ಸಂಜೆಯೊಳಗೆ ಹೋಗಲಿ ಅಂತ ಅಂಗಡಿಯವರು ದರ ಇಳಿಸುತ್ತಾರೆ. ಬಾತುಕೋಳಿಯ ಲಿವರ್ ಬೇರೆಯಾಗಿ ಕಾಣುವುದೇ ಅಪರೂಪ. ಅದು ಹಕ್ಕಿಯ ಹೊಟ್ಟೆಯೊಳಗೇ ಗಿರಾಕಿಯ ಚೀಲ ಸೇರುತ್ತದೆ. ಅದಕ್ಕೆ ಬೆಲೆ ಕೊಟ್ಟವರೂ ಇಲ್ಲ, ಕೇಳಿದವರೂ ಇಲ್ಲ.

2. ಬೆಲೆ ಯಾರು ಹೇಳುತ್ತಾರೆ?

ಮೊಟ್ಟೆಯ ಉದಾಹರಣೆ ತೆಗೆದುಕೊಳ್ಳಿ. ನಲವತ್ತು ವರ್ಷಗಳಿಗೂ ಹಿಂದೆ ಮೊಟ್ಟೆಯ ಬೆಲೆ ವ್ಯಾಪಾರಿಯ ಬಾಯಲ್ಲಿತ್ತು. ಸಾಕಿದ ಖರ್ಚೂ ಹುಟ್ಟದೆ ರೈತರು ಕೋಳಿ ಮನೆ ಮುಚ್ಚುವ ಸ್ಥಿತಿ ಬಂದಿತ್ತು. ಆಗ ಡಾ. ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ಕೋಳಿ ಸಾಕಣೆದಾರರು ಒಟ್ಟಾಗಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) ಕಟ್ಟಿದರು. ಇವತ್ತು ಬೆಂಗಳೂರು, ಮೈಸೂರು, ಹೊಸಪೇಟೆ ಮುಂತಾದ ಕೇಂದ್ರಗಳಿಗೆ ಆ ಸಮಿತಿ ದರ ತಿಳಿಸುತ್ತದೆ. ಪೇಪರ್‌ನಲ್ಲೂ ಅದು ಬರುತ್ತದೆ. ಇಪ್ಪತ್ತು ಕೋಳಿ ಇಟ್ಟ ಹೆಂಗಸಿಗೂ ಇವತ್ತಿನ ದರ ಇಷ್ಟು ಅಂತ ಗೊತ್ತಾಗುತ್ತದೆ.

ರೇಷ್ಮೆ ಗೂಡು ನಮಗೆ ಇನ್ನೂ ಹತ್ತಿರದ ವಿಷಯ. ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇರುವುದು ನಮ್ಮ ತಲಘಟ್ಟಪುರದಲ್ಲೇ. ಕನಕಪುರ ರಸ್ತೆಯ ಮೆಟ್ರೊ ಕೊನೆಯ ನಿಲ್ದಾಣದ ಹೆಸರೂ ಅದರದ್ದೇ. ಈ ಭಾಗದ ರೈತರು ಗೂಡನ್ನು ರಾಮನಗರದ ಸರ್ಕಾರಿ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಲಾಟಿಗೆ ನಂಬರ್ ಬೀಳುತ್ತದೆ, ಹರಾಜು ಆಗುತ್ತದೆ, ತೂಕ ಎಲ್ಲರ ಎದುರಿಗೆ ಆಗುತ್ತದೆ. ಒಬ್ಬ ರೀಲರ್ ಕಡಿಮೆ ಕೂಗಿದರೆ ಇನ್ನೊಬ್ಬ ಹೆಚ್ಚು ಕೂಗಬಹುದು. ಒಳ್ಳೆಯ ಗೂಡಿಗೆ ಒಳ್ಳೆಯ ದರ, ಡಾಗಿ ಗೂಡಿಗೆ ಕಡಿಮೆ.

ಈಗ ಬಾತುಕೋಳಿಗೆ ಬನ್ನಿ. ಅದಕ್ಕೆ ಇಂಥ ಸಮಿತಿಯೂ ಇಲ್ಲ, ಹರಾಜೂ ಇಲ್ಲ. ದೇಶದ 2019ರ ಜಾನುವಾರು ಗಣತಿಯಲ್ಲಿ ಕೋಳಿ ವರ್ಗದ ಹಕ್ಕಿಗಳು ಒಟ್ಟು 85.18 ಕೋಟಿ. ಅದರಲ್ಲಿ ಬಾತುಕೋಳಿಯ ಪಾಲು ಬಹಳ ಸಣ್ಣದು, ಅದರಲ್ಲೂ ಹೆಚ್ಚಿನವು ಪಶ್ಚಿಮ ಬಂಗಾಳ ಮತ್ತು ಅಸ್ಸಾಮಿನಲ್ಲಿವೆ. ದಕ್ಷಿಣದಲ್ಲಿ ಕೇರಳದ ಕುಟ್ಟನಾಡು ಬಾತು ಸಾಕಣೆಗೆ ಹೆಸರಾದ ಜಾಗ. ಇಷ್ಟು ಚದುರಿದ ವ್ಯಾಪಾರಕ್ಕೆ ದಿನದ ದರ ಹೇಳುವವರು ಯಾರು? ಹಾಗಾಗಿ ಅಂಗಡಿಯವರು ಕಣ್ಣಳತೆಯಲ್ಲಿ, ಜೋಡಿ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ.

"ಜೋಡಿಗೆ ಇಷ್ಟು ತಗೋಳಮ್ಮ, ಬಿಸಿಲು ಏರೋದ್ರೊಳಗೆ ಮನೆಗೆ ಹೋಗು."
"ಜೋಡಿ ಲೆಕ್ಕ ಬೇಡಣ್ಣ, ತಕ್ಕಡಿಗೆ ಹಾಕಣ್ಣ. ಕಿಲೋಗೆ ಎಷ್ಟು ಅಂತ ಹೇಳು."

ಈ ಎರಡನೇ ಮಾತು ಹೇಳೋಕೆ ಧೈರ್ಯ ಒಂದೇ ಸಾಲದು, ಮನೆಯಲ್ಲೇ ಲೆಕ್ಕ ಮಾಡಿಕೊಂಡು ಹೋಗಿರಬೇಕು. ದರ ಹೇಳುವ ಸಮಿತಿ ಇಲ್ಲದ ಕಡೆ ನಮ್ಮ ಲೆಕ್ಕದ ಪುಸ್ತಕವೇ ನಮಗೆ ಸಮಿತಿ.

3. ಫ್ರಾನ್ಸಿನ ಲಿವರ್ ಬೇರೆ, ನಮ್ಮ ಲಿವರ್ ಬೇರೆ

ಸಾವಿರಾರು ರೂಪಾಯಿಯ ಲಿವರ್ ಎಂಬುದು ಸುಳ್ಳಲ್ಲ. ಅದು ಫ್ರಾನ್ಸಿನಲ್ಲಿ ಹೆಸರಾದ "ಫ್ವಾ ಗ್ರಾ". ಅಂದರೆ ಕೊಬ್ಬಿದ ಲಿವರ್. ಅಲ್ಲಿ ಗಂಡು ಬಾತುಗಳನ್ನು ಬೆಳೆಸಿ, ಕೊನೆಯ ಹತ್ತು ಹನ್ನೆರಡು ದಿನ ಗಂಟಲಿಗೆ ಕೊಳವೆ ತೂರಿಸಿ ಮುಸುಕಿನ ಜೋಳವನ್ನು ಬಲವಂತವಾಗಿ ತುಂಬುತ್ತಾರೆ. ಲಿವರ್ ಕೊಬ್ಬು ತುಂಬಿ ಎಷ್ಟೋ ಪಟ್ಟು ಊದಿಕೊಳ್ಳುತ್ತದೆ. ಯುರೋಪ್ ಒಕ್ಕೂಟದ 2008ರ ನಿಯಮದಂತೆ ಬಾತಿನ ಲಿವರ್ ಕನಿಷ್ಠ 300 ಗ್ರಾಂ ಇದ್ದರೆ ಮಾತ್ರ ಅದಕ್ಕೆ ಆ ಹೆಸರು. ಹಂಸಬಾತಿನದ್ದಾದರೆ 400 ಗ್ರಾಂ. 60 ಗ್ರಾಂನ ನಮ್ಮ ಲಿವರ್ ಆ ತಕ್ಕಡಿಗೆ ಏರುವುದೇ ಇಲ್ಲ. ಎರಡೂ ಬಾತಿನ ಲಿವರೇ, ಆದರೆ ಸರಕು ಬೇರೆ, ಗಿರಾಕಿ ಬೇರೆ, ಬೆಲೆಯೂ ಬೇರೆ. ಫ್ರಾನ್ಸ್ 2006ರಲ್ಲಿ ಅದನ್ನು ತನ್ನ ಊಟದ ಪರಂಪರೆಯ ಭಾಗ ಎಂದು ಕಾನೂನಿನಲ್ಲೇ ಬರೆದುಕೊಂಡಿದೆ. ಅಲ್ಲಿ ಹಬ್ಬದ ಊಟಕ್ಕೆ ಕೊಂಡು ತಿನ್ನುವವರ ದೊಡ್ಡ ಗುಂಪಿದೆ. ಆ ಬೇಡಿಕೆಯೇ ಆ ಬೆಲೆಗೆ ಆಧಾರ.

"ಹಾಗಾದರೆ ನಾವೂ ಹಾಗೆ ತಿನ್ನಿಸಿದರೆ?" ಎಂದು ಕೇಳಬಹುದು. ಬೇಡ. ನಮ್ಮ ದೇಶದಲ್ಲಿ ಪ್ರಾಣಿಗೆ ಅನಾವಶ್ಯಕ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. 2014ರ ಜುಲೈಯಲ್ಲಿ ಕೇಂದ್ರ ಸರ್ಕಾರ ಫ್ವಾ ಗ್ರಾ ಆಮದನ್ನೇ ನಿಷೇಧಿಸಿತು. ಅದಕ್ಕೆ ಮುಂಚೆ ಕೆಲವು ದೊಡ್ಡ ಹೋಟೆಲ್‌ಗಳು ಅದನ್ನು ಹೊರದೇಶದಿಂದ ತರಿಸುತ್ತಿದ್ದವು. ಆ ಗಿರಾಕಿ ಮೊದಲೂ ಬೆರಳೆಣಿಕೆಯಷ್ಟೇ. "ಆಮದು ನಿಂತಿದೆ, ಹೋಟೆಲ್‌ನವರಿಗೆ ಸರಕು ಸಿಗ್ತಿಲ್ಲ, ನೀವು ಸಾಕಿ ಕೊಡಿ" ಎಂದು ಯಾರಾದರೂ ಬಂದರೆ ಹುಷಾರಾಗಿರಿ. ಆಮದು ನಿಲ್ಲಿಸಲು ಒತ್ತಾಯ ಬಂದದ್ದೇ ಆ ಹಿಂಸೆಯ ಕಾರಣಕ್ಕೆ. ಅದನ್ನು ನಮ್ಮ ಹಿತ್ತಲಲ್ಲಿ ಮಾಡಿ ಎನ್ನುವವರು ನಮ್ಮನ್ನು ತಪ್ಪಿಗೆ ಸಿಕ್ಕಿಸುತ್ತಾರೆ.

4. ನಮ್ಮ ಲೆಕ್ಕ: 20 ಬಾತು, 45 ದಿನ

ಮೊಟ್ಟೆಗೆ ಸಾಮಾನ್ಯವಾಗಿ ಖಾಕಿ ಕ್ಯಾಂಪ್‌ಬೆಲ್ ತಳಿ, ಮಾಂಸಕ್ಕೆ ವೈಟ್ ಪೆಕಿನ್ ತಳಿ ಸಾಕುತ್ತಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಇದೆ. ಬಾತು ಸಾಕಣೆಯ ತಿಳಿವಳಿಕೆ, ತರಬೇತಿ ಅಲ್ಲಿ ಕೇಳಬಹುದು. ಚೆನ್ನಾಗಿ ಮೇವು ಹಾಕಿದರೆ ವೈಟ್ ಪೆಕಿನ್ ಆರು ವಾರಕ್ಕೆ 2.2ರಿಂದ 2.5 ಕಿಲೋ ತೂಗುತ್ತದೆ. ಒಂದು ಕಿಲೋ ತೂಕ ಬರಲು ಎರಡೂಕಾಲರಿಂದ ಎರಡೂಮುಕ್ಕಾಲು ಕಿಲೋ ಮೇವು ಬೇಕು. ಈಜಲು ಕೆರೆ ಬೇಕೇ ಬೇಕು ಅಂತೇನಿಲ್ಲ. ತಲೆ ಮುಳುಗಿಸಿ ಮೂಗು ತೊಳೆದುಕೊಳ್ಳುವಷ್ಟು ಆಳದ ನೀರಿನ ಪಾತ್ರೆ ಇದ್ದರೆ ಸಾಕು.

ಕೆಳಗಿನ ದರಗಳನ್ನು ಲೆಕ್ಕ ಕಲಿಯಲು ಇಟ್ಟುಕೊಂಡಿದ್ದೇವೆ. ನಿಮ್ಮ ಊರಿನ ಇವತ್ತಿನ ದರ ಹಾಕಿ ನೀವೇ ತಿರುಗಿ ಮಾಡಬೇಕು.

ಮರಿ 22 (ಎರಡು ಸಾಯುತ್ತವೆ ಎಂದುಕೊಳ್ಳಿ), ಒಂದಕ್ಕೆ ರೂ. 60ರಂತೆ: ರೂ. 1,320
ಮೇವು 150 ಕಿಲೋ, ರೂ. 40ರಂತೆ: ರೂ. 6,000
ಲಸಿಕೆ, ಔಷಧಿ, ನೆಲಕ್ಕೆ ಹೊಟ್ಟು: ರೂ. 600
ಸಂಘದ ಸಾಲ ರೂ. 8,000ಕ್ಕೆ ತಿಂಗಳಿಗೆ ಶೇ. 1ರಂತೆ ಎರಡು ತಿಂಗಳ ಬಡ್ಡಿ: ರೂ. 160
ಅಂಗಡಿಯಲ್ಲಿ ಕುಯ್ದು ಕ್ಲೀನ್ ಮಾಡಿಸಿದ ಕೂಲಿ, ಒಂದಕ್ಕೆ ರೂ. 30ರಂತೆ: ರೂ. 600
ಆಟೋ ಬಾಡಿಗೆ: ರೂ. 400
ನಮ್ಮ ಸ್ವಂತ ದುಡಿಮೆ, ದಿನಕ್ಕೆ ರೂ. 60ರಂತೆ 45 ದಿನ: ರೂ. 2,700
ಒಟ್ಟು: ರೂ. 11,780

ಕೊನೆಯ ಸಾಲನ್ನು ಗಮನಿಸಿದಿರಾ? ಬೆಳಿಗ್ಗೆ ಎದ್ದು ನೀರು ಬದಲಿಸಿದ್ದು, ಗೂಡು ಗುಡಿಸಿದ್ದು, ಸಂಜೆ ಮೇವು ಹಾಕಿದ್ದು ನಾವೇ. "ಮನೆಯವರೇ ತಾನೇ, ಅದಕ್ಕೇನು ಕೂಲಿ" ಎಂದು ನಾವೇ ಬಿಟ್ಟುಬಿಡುತ್ತೇವೆ. ನಾವು ಬರೆಯದಿದ್ದರೆ ಅದನ್ನು ಬೇರೆ ಯಾರೂ ಬರೆಯುವುದಿಲ್ಲ.

ಈಗ ಸರಕು ನೋಡೋಣ. ಎರಡೂವರೆ ಕಿಲೋ ಬಾತಿನಿಂದ ಸುಮಾರು ಶೇ. 70, ಅಂದರೆ 1.75 ಕಿಲೋ ಮಾಂಸ ಎಂದು ಇಟ್ಟುಕೊಳ್ಳಿ. 20 ಬಾತಿನಿಂದ 35 ಕಿಲೋ ಮಾಂಸ. ಲಿವರ್ ಒಂದಕ್ಕೆ 60 ಗ್ರಾಂನಂತೆ 1.2 ಕಿಲೋ. ಗುಂಡಿಗೆ, ಗಿಜರ್ಡ್ ಸೇರಿ ಒಂದಕ್ಕೆ 90 ಗ್ರಾಂನಂತೆ 1.8 ಕಿಲೋ.

ಮೊದಲನೇ ದಾರಿ: ಜೀವಂತ ಬಾತನ್ನು ಜೋಡಿಗೆ ರೂ. 1,000ದಂತೆ ಕೊಟ್ಟೆವು. ಕೈಗೆ ಬಂದದ್ದು ರೂ. 10,000. ಕುಯ್ಯುವ ಕೂಲಿ ಇಲ್ಲ, ಹಾಗಾಗಿ ಖರ್ಚು ರೂ. 11,180. ಅದರಲ್ಲಿ ನಮ್ಮ ದುಡಿಮೆ ಬಿಟ್ಟು ಕೈಯಿಂದ ಹೋದ ಹಣ ರೂ. 8,480. "ರೂ. 1,520 ಲಾಭ ಬಂತು" ಎಂದು ಸಂತೋಷಪಡುತ್ತೇವೆ. ನಿಜವೇನು? 45 ದಿನ ದುಡಿದದ್ದಕ್ಕೆ ದಿನಕ್ಕೆ ರೂ. 34 ಕೂಡ ಬೀಳಲಿಲ್ಲ.

ಎರಡನೇ ದಾರಿ: ಮಾಂಸವನ್ನು ಕಿಲೋಗೆ ರೂ. 340ರಂತೆ ಮಾರಿದೆವು, ಲಿವರ್ ಗಿಜರ್ಡ್ ಪುಕ್ಕಟೆ ಹಾಕಿಕೊಟ್ಟೆವು. ಬಂದದ್ದು ರೂ. 11,900. ಎಲ್ಲಾ ಖರ್ಚು, ನಮ್ಮ ಕೂಲಿ ಕಳೆದು ಉಳಿದದ್ದು ರೂ. 120.

ಮೂರನೇ ದಾರಿ: ಮಾಂಸ ಅದೇ ದರಕ್ಕೆ. ಲಿವರ್ ಬೇರೆ ತೂಗಿ ಕಿಲೋಗೆ ರೂ. 250ರಂತೆ, ಗುಂಡಿಗೆ ಗಿಜರ್ಡ್ ರೂ. 150ರಂತೆ ಕೊಟ್ಟೆವು. ಲಿವರ್‌ನಿಂದ ರೂ. 300, ಗಿಜರ್ಡ್‌ನಿಂದ ರೂ. 270, ಒಟ್ಟು ರೂ. 570 ಹೆಚ್ಚು ಬಂತು. ಉಳಿದದ್ದು ರೂ. 690.

ಇಲ್ಲಿ ಎರಡು ಪಾಠ ಇವೆ. ಒಂದು, ನಮ್ಮಂಥ ಸಣ್ಣ ವ್ಯಾಪಾರದಲ್ಲಿ ಲಾಭ ಉಳಿಯುವುದೇ ಇಂಥ ಚೂರುಪಾರಿನಲ್ಲಿ. ರೂ. 690ರಲ್ಲಿ 570 ಬಂದದ್ದು ನಾವು ಪುಕ್ಕಟೆ ಕೊಡುತ್ತಿದ್ದ ಭಾಗದಿಂದ. ಎರಡು, ಲಿವರ್‌ನಿಂದಲೇ ಶ್ರೀಮಂತರಾಗಲು ಆಗದು. ಲಿವರ್‌ನ ದರ ರೂ. 250ರಿಂದ 500ಕ್ಕೆ ಏರಿದರೂ 20 ಬಾತಿಗೆ ಹೆಚ್ಚು ಸಿಗುವುದು ರೂ. 300 ಮಾತ್ರ. ಅದೇ ಮೇವಿನ ದರ ಕಿಲೋಗೆ ಎರಡು ರೂಪಾಯಿ ಏರಿದರೆ ಆ 300 ಹೋಯಿತು. ಇನ್ನೊಂದು ರೀತಿ ಹೇಳಬೇಕೆಂದರೆ, ಮೇವಿಗೆ ಒಂದು ರೂಪಾಯಿ ಏರಿದ್ದನ್ನು ಸರಿದೂಗಿಸಲು ಲಿವರ್‌ಗೆ ಕಿಲೋಗೆ ರೂ. 125 ಏರಬೇಕು.

ಆದ್ದರಿಂದ ಈ ಮಾತು ನೆನಪಿಡಿ: ಲಿವರ್ ನಂಬಿ ಬಾತು ಸಾಕಬೇಡಿ. ಬಾತು ಸಾಕಿದರೆ ಲಿವರ್ ಬಿಟ್ಟುಕೊಡಬೇಡಿ.

5. ಒಳ್ಳೆಯ ಲಿವರ್ ಒಳ್ಳೆಯ ಮೇವಿನಿಂದ

ಹಕ್ಕಿ ತಿಂದದ್ದರಲ್ಲಿ ವಿಷ ಇದ್ದರೆ ಮೊದಲು ಪೆಟ್ಟು ತಿನ್ನುವುದು ಲಿವರ್. ಅದರಲ್ಲೂ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತವು. ಬಾತು ಮರಿಗಳೂ ಸತ್ತವು. ಕಾರಣ ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಎಂದು ತಿಳಿಯಿತು. ಈ ವಿಷ ಕಂಡುಹಿಡಿದದ್ದೇ ಹಾಗೆ. ಸಾಕುವ ಹಕ್ಕಿಗಳಲ್ಲಿ ಇದನ್ನು ಸ್ವಲ್ಪವೂ ತಡೆಯಲಾರದವು ಬಾತು ಮರಿಗಳು. ಕೋಳಿ ತಿಂದು ಬದುಕಿಕೊಂಡ ಮೇವಿನಿಂದ ಬಾತು ಮರಿ ಸಾಯಬಹುದು.

ಅದಕ್ಕೆ ಹೀಗೆ ಮಾಡಿ. ಮಳೆಗಾಲದಲ್ಲಿ ತಿಂಗಳಿಗಾಗುವಷ್ಟು ಮೇವು ಒಟ್ಟಿಗೆ ತರಬೇಡಿ, ವಾರ ಹತ್ತು ದಿನಕ್ಕೆ ತನ್ನಿ. ಮೂಟೆಯನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ಗಂಟು ಕಟ್ಟಿದ, ಮುಗ್ಗು ವಾಸನೆ ಬಂದ ಮೇವನ್ನು ಅಂಗಡಿಯವರು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಬಾತು ನೀರು ಚೆಲ್ಲುವ ಹಕ್ಕಿ. ನೀರಿನ ಪಾತ್ರೆಯ ಪಕ್ಕದಲ್ಲೇ ಮೇವಿನ ತಟ್ಟೆ ಇದ್ದರೆ ಉಳಿದ ಮೇವು ನೆನೆದು ಕೆಡುತ್ತದೆ. ಸಂಜೆ ತಟ್ಟೆ ಉಜ್ಜಿ ತೊಳೆಯಿರಿ.

ಬಾತು ಪ್ಲೇಗ್ ರೋಗಕ್ಕೆ ಲಸಿಕೆ ಇದೆ. ಯಾವ ವಯಸ್ಸಿಗೆ ಹಾಕಿಸಬೇಕು ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಔಷಧಿ ಕೊಟ್ಟರೆ ಎಷ್ಟು ದಿನ ಬಿಟ್ಟು ಕುಯ್ಯಬೇಕು ಎಂದೂ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಮುಗಿಯುವ ಮುಂಚೆ ಕುಯ್ದರೆ ಔಷಧಿಯ ಅಂಶ ಲಿವರ್‌ನಲ್ಲಿ ಉಳಿದಿರಬಹುದು.

ಒಳ್ಳೆಯ ಲಿವರ್ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ, ನುಣುಪಾಗಿ ಇರುತ್ತದೆ. ಬಿಳಿ ಚುಕ್ಕೆ, ಗಂಟು, ರಕ್ತ ಹೆಪ್ಪುಗಟ್ಟಿದ ಕಲೆ, ಕೆಟ್ಟ ವಾಸನೆ ಇದ್ದರೆ ಮಾರಬೇಡಿ, ಮನೆಯಲ್ಲೂ ತಿನ್ನಬೇಡಿ. ಕ್ಲೀನ್ ಮಾಡುವಾಗ ಹಸಿರು ಪಿತ್ತದ ಚೀಲ ಒಡೆಯಬಾರದು. ಒಡೆದರೆ ಲಿವರ್ ಎಲ್ಲಾ ಕಹಿ. ತೆಗೆದ ತಕ್ಷಣ ತಣ್ಣೀರಲ್ಲಿ ತೊಳೆದು ಐಸ್ ಮೇಲೆ ಇಟ್ಟು, ಅದೇ ದಿನ ಮಾರಿ. ಮಾರಲಾಗದಿದ್ದರೆ ಅದೇ ದಿನ ಫ್ರೀಜರ್‌ಗೆ ಹಾಕಬೇಕು.

6. ಹಬ್ಬದ ಬೆಲೆ, ರೋಗದ ಬೆಲೆ

ನಮ್ಮ ನಗರದಲ್ಲಿ ಬಾತುಕೋಳಿಗೆ ಗಿರಾಕಿ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಕ್ರಿಸ್‌ಮಸ್, ಈಸ್ಟರ್ ಹತ್ತಿರ ಬಂದಾಗ ಬೇಡಿಕೆ ಏರುತ್ತದೆ. ಕೇರಳ ಮೂಲದ ಕುಟುಂಬಗಳಲ್ಲಿ ಹಬ್ಬಕ್ಕೆ ಬಾತು ಮಾಡುವ ರೂಢಿ ಇದೆ. ವೈಟ್ ಪೆಕಿನ್ ಆರೇಳು ವಾರಕ್ಕೆ ತಯಾರಾಗುವುದರಿಂದ ಕ್ರಿಸ್‌ಮಸ್‌ಗೆ ಮಾರಬೇಕಾದರೆ ನವೆಂಬರ್ ಮೊದಲ ವಾರದೊಳಗೆ ಮರಿ ಮನೆಗೆ ಬಂದಿರಬೇಕು. ಅಂದರೆ ಮರಿಗೆ ಹೇಳಿಡುವುದು, ಸಂಘದಲ್ಲಿ ಸಾಲ ಕೇಳುವುದು ಸೆಪ್ಟೆಂಬರ್‌ನಲ್ಲೇ ಆಗಬೇಕು. ಹಬ್ಬ ಕಳೆದ ಮೇಲೆ ಉಳಿದ ಬಾತು ದಿನಾ ಮೇವು ತಿನ್ನುತ್ತದೆ, ಅಷ್ಟಾಗಿ ತೂಕ ಬೆಳೆಯುವುದಿಲ್ಲ. ಅದಕ್ಕೆ ಎಷ್ಟು ಆರ್ಡರ್ ಮುಂಚೆ ಸಿಕ್ಕಿದೆಯೋ ಅದಕ್ಕೆ ತಕ್ಕಷ್ಟೇ ಸಾಕಿ.

ಇನ್ನೊಂದು ಅಪಾಯ ಹಕ್ಕಿಜ್ವರ. ಕುಟ್ಟನಾಡಿನಲ್ಲಿ 2014ರ ನವೆಂಬರ್, 2021ರ ಜನವರಿ, 2024ರ ಏಪ್ರಿಲ್ ತಿಂಗಳುಗಳಲ್ಲಿ ಹಕ್ಕಿಜ್ವರ ಬಂದು ಬಹಳಷ್ಟು ಬಾತುಗಳನ್ನು ಕೊಲ್ಲಬೇಕಾಯಿತು. 2025ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲೂ ಕೋಳಿಗಳಲ್ಲಿ ಕಾಣಿಸಿತು. ಇಂಥ ಸುದ್ದಿ ಬಂದರೆ ರೋಗ ಇಲ್ಲದ ಊರಲ್ಲೂ ಜನ ತಿನ್ನಲು ಹೆದರುತ್ತಾರೆ, ದರ ಬೀಳುತ್ತದೆ. ಫ್ರಾನ್ಸಿನಲ್ಲಿ ಇದರ ಉಲ್ಟಾ ಆಯಿತು. ಅಲ್ಲಿ 2021 ಮತ್ತು 2022ರಲ್ಲಿ ರೋಗದಿಂದ ಲಕ್ಷಗಟ್ಟಲೆ ಬಾತು ಹೋದವು, ತಿನ್ನುವವರು ಹಾಗೇ ಉಳಿದರು, ಸರಕು ಕಡಿಮೆಯಾಗಿ ಬೆಲೆ ಏರಿತು. 2023ರ ಅಕ್ಟೋಬರ್‌ನಿಂದ ಆ ದೇಶ ಬಾತುಗಳಿಗೆ ಹಕ್ಕಿಜ್ವರದ ಲಸಿಕೆ ಹಾಕಿಸಲು ಶುರುಮಾಡಿತು. ರೋಗ ಒಂದೇ ಆದರೂ ಒಂದು ಕಡೆ ಬೆಲೆ ಏರುತ್ತದೆ, ಇನ್ನೊಂದು ಕಡೆ ಬೀಳುತ್ತದೆ. ಸರಕು ಕಡಿಮೆಯಾಯಿತೋ, ಕೊಳ್ಳುವವರು ಕಡಿಮೆಯಾದರೋ ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ.

ಬಾತುಗಳು ಇದ್ದಕ್ಕಿದ್ದಂತೆ ಸತ್ತರೆ ಕೈಯಿಂದ ಮುಟ್ಟಬೇಡಿ, ಕೆರೆಗೆ ಎಸೆಯಬೇಡಿ, ಅಗ್ಗಕ್ಕೆ ಮಾರಬೇಡಿ. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

7. ಮಾರುವಾಗ ನೆನಪಿಡಿ

ತಕ್ಕಡಿಗೆ ಸರ್ಕಾರದ ಮುದ್ರೆ ಇದೆಯೇ ನೋಡಿ. ಮಾಂಸ ಮಾರಲು ಆಹಾರ ಸುರಕ್ಷತಾ ಇಲಾಖೆಯ ನೋಂದಣಿ, ಪಂಚಾಯ್ತಿ ಅಥವಾ ಪಾಲಿಕೆಯ ಪರವಾನಗಿ ಬೇಕು. ಅದಿಲ್ಲದವರು ಪರವಾನಗಿ ಇರುವ ಅಂಗಡಿಯ ಜೊತೆ ಮಾತಾಡಿಕೊಂಡು ಅಲ್ಲೇ ಕುಯ್ಯಿಸುವುದು ಒಳ್ಳೆಯದು. ಆಗ ಲಿವರ್, ಗಿಜರ್ಡ್ ನಮಗೆ ವಾಪಸ್ ಬರಬೇಕು ಅಥವಾ ಅದರ ಬೆಲೆ ಕೂಲಿಯಲ್ಲಿ ಮುರಿಯಬೇಕು ಎಂದು ಮೊದಲೇ ಹೇಳಿಕೊಳ್ಳಿ. ಕುಯ್ದ ಮೇಲೆ ಕೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ.

ಗಿರಾಕಿಗೆ ಎರಡು ದರ ಹೇಳಿ. ಲಿವರ್ ಗಿಜರ್ಡ್ ಸೇರಿ ಇಡೀ ಬಾತಿಗೆ ಒಂದು, ಮಾಂಸಕ್ಕೆ ಮಾತ್ರ ಇನ್ನೊಂದು. "ಲಿವರ್ ಬೇಡ" ಎಂದವರಿಗೆ ಆ ತೂಕ ಬಿಟ್ಟು ಕೊಡಿ, ಬೇಕಾದವರಿಗೆ ಬೇರೆ ಮಾರಿ. ಲಿವರ್ ತಿನ್ನುವ ಮನೆಗಳ ಹೆಸರು ಬರೆದಿಟ್ಟುಕೊಂಡರೆ ಮುಂದಿನ ಸಲ ಫೋನ್ ಮಾಡಿ ಹೇಳಬಹುದು. ಒಬ್ಬೊಬ್ಬರೇ ಮಾರುವುದಕ್ಕಿಂತ ಐದು ಸದಸ್ಯೆಯರು ಒಂದೇ ದಿನ ಕುಯ್ಯಿಸಿದರೆ ಐದಾರು ಕಿಲೋ ಲಿವರ್ ಒಟ್ಟಿಗೆ ಸಿಗುತ್ತದೆ, ಆಟೋ ಬಾಡಿಗೆ ಹಂಚಿಹೋಗುತ್ತದೆ. ಅಷ್ಟಾದರೆ ಒಂದು ಹೋಟೆಲ್‌ನವರ ಜೊತೆ ದರ ಮಾತಾಡಬಹುದು.

ಮಾರದೆ ಉಳಿದ ಲಿವರ್ ನಷ್ಟ ಅಂತ ತಿಳಿಯಬೇಡಿ. 100 ಗ್ರಾಂ ಬಾತಿನ ಲಿವರ್‌ನಲ್ಲಿ ಸುಮಾರು 30 ಮಿಲಿಗ್ರಾಂ ಕಬ್ಬಿಣದ ಅಂಶ ಇದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಅದು ಒಳ್ಳೆಯ ಆಹಾರ. ಚೆನ್ನಾಗಿ ಬೇಯಿಸಿ, ಮನೆಯ ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದು ತಿನ್ನುವ ಬದಲು ನೀವೂ ಸಮಪಾಲು ತಿನ್ನಿ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳಬೇಕು, ಲಿವರ್‌ನಲ್ಲಿ ಎ ಜೀವಸತ್ವ ಬಹಳ ಇರುವುದರಿಂದ ಹೆಚ್ಚು ತಿಂದರೆ ಮಗುವಿಗೆ ತೊಂದರೆ ಆಗಬಹುದು. ಮನೆಗೆ ಬಳಸಿದ್ದನ್ನೂ ಆ ದಿನದ ದರ ಹಾಕಿ ಪುಸ್ತಕದಲ್ಲಿ ಬರೆಯಿರಿ. ತಿಂದದ್ದೂ ಆದಾಯವೇ.

8. ಸಾಲ ಕೊಡುವ ಮುಂಚೆ

ಎಮು ಹಕ್ಕಿಯ ಕಥೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. "ಠೇವಣಿ ಕಟ್ಟಿ, ಮರಿ ಕೊಡುತ್ತೇವೆ, ತಿಂಗಳು ತಿಂಗಳು ಸಾಕುವ ಖರ್ಚು ಕೊಡುತ್ತೇವೆ, ದೊಡ್ಡದಾದ ಮೇಲೆ ನಾವೇ ಕೊಳ್ಳುತ್ತೇವೆ" ಎಂದು ಕಂಪನಿಗಳು ಹೇಳಿದವು. ಎಮು ಎಣ್ಣೆಗೆ, ಮಾಂಸಕ್ಕೆ ಬಹಳ ಬೆಲೆ ಎಂದೂ ಹೇಳಿದವು. ಆದರೆ ಎಮು ಮಾಂಸ ಕೊಂಡು ತಿನ್ನುವ ಜನ ಎಲ್ಲಿದ್ದರು? ಮೊದಲು ಸೇರಿದವರಿಗೆ ಕೊಟ್ಟದ್ದು ಆಮೇಲೆ ಸೇರಿದವರ ಠೇವಣಿಯ ಹಣ. 2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ದೊಡ್ಡ ಕಂಪನಿಯೊಂದು ಕುಸಿಯಿತು. ಹಣ ಕಟ್ಟಿದವರು ಬೀದಿಗೆ ಬಂದರು. ಹಸಿದ ಹಕ್ಕಿಗಳಿಗೆ ಸರ್ಕಾರ ಮೇವು ಹಾಕಬೇಕಾಯಿತು. ಅಲ್ಲಿ ಹಕ್ಕಿಯೂ ನಿಜ, ಕಾಗದದ ಮೇಲಿನ ಬೆಲೆಯೂ ಇತ್ತು. ಇರಲಿಲ್ಲವಾದದ್ದು ಗಿರಾಕಿ.

ಆದ್ದರಿಂದ ಬಾತು ಸಾಕಲು ಯಾವ ಸದಸ್ಯೆ ಸಾಲ ಕೇಳಿದರೂ ಸಂಘವು ಈ ಪ್ರಶ್ನೆ ಕೇಳಲಿ:

ಕೊಳ್ಳುವವರು ಯಾರು? ಅವರ ಹೆಸರು, ಅಂಗಡಿ ನಮಗೆ ಗೊತ್ತೇ?
ಮಾಂಸಕ್ಕೆ ಎಷ್ಟು, ಲಿವರ್‌ಗೆ ಎಷ್ಟು ಎಂದು ಕನಿಷ್ಠ ಮೂರು ಕಡೆ ವಿಚಾರಿಸಿದ್ದಾರೆಯೇ?
ಮೇವಿನ ದರ ಐದು ರೂಪಾಯಿ ಏರಿದರೆ ಕಂತು ಕಟ್ಟಲು ಆಗುತ್ತದೆಯೇ?
ಮರಿ ಮಾರುವವರೇ "ಬೆಳೆದ ಹಕ್ಕಿ ನಾವೇ ಕೊಳ್ಳುತ್ತೇವೆ" ಎಂದಿದ್ದಾರೆಯೇ? ಹಾಗಿದ್ದರೆ ಬರಹದಲ್ಲಿ ಕೊಟ್ಟಿದ್ದಾರೆಯೇ? ಈಗಾಗಲೇ ಮಾರಿ ಹಣ ಪಡೆದವರು ಯಾರು?
ಮೊದಲು 10 ಬಾತಿನಿಂದ ಶುರುಮಾಡಿ, ಒಂದು ಸುತ್ತು ನೋಡಿ ಆಮೇಲೆ ಹೆಚ್ಚಿಸಬಹುದೇ?

ಪ್ರಶ್ನೆ ಕೇಳುವುದು ಅನುಮಾನ ಪಡುವುದಲ್ಲ. ಆ ಹಣ ಎಲ್ಲರೂ ವಾರ ವಾರ ಕೂಡಿಟ್ಟ ಉಳಿತಾಯ. ಸಾಲ ಕೇಳಿದ ಅಕ್ಕನ ಮನೆ ಉಳಿಯಲಿ ಎಂದೇ ಕೇಳುವುದು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಬೆಲೆ ಕಟ್ಟದೆ ಪುಕ್ಕಟೆ ಕೊಡುತ್ತಿರುವ ಸರಕು ಯಾವುದು? (ಉದಾಹರಣೆಗೆ: ಗೊಬ್ಬರ, ಮಜ್ಜಿಗೆ, ಸೊಪ್ಪು, ಹೊಲಿಗೆಯಲ್ಲಿ ಉಳಿದ ಬಟ್ಟೆ.)
2. ನಾವು ಮಾಡುವ ಯಾವುದಾದರೂ ಒಂದು ಕಸುಬಿಗೆ ಸ್ವಂತ ಕೂಲಿ ಸೇರಿಸಿ ಲೆಕ್ಕ ಬರೆದರೆ ಏನು ಉಳಿಯುತ್ತದೆ?
3. ಈ ವಾರ ಇಬ್ಬರು ಸದಸ್ಯೆಯರು ಮೂರು ಅಂಗಡಿಗೆ ಹೋಗಿ ಕೋಳಿ ಮತ್ತು ಬಾತಿನ ಮಾಂಸ, ಲಿವರ್, ಗಿಜರ್ಡ್ ದರ ಕೇಳಿಕೊಂಡು ಬರಲಿ. ಮೂರೂ ಕಡೆ ದರ ಒಂದೇ ಇದೆಯೇ? ಇಲ್ಲದಿದ್ದರೆ ಯಾಕೆ?

ಕೇಳಿ ತಂದ ದರಗಳನ್ನು ದಿನಾಂಕದ ಸಮೇತ ಸಂಘದ ಪುಸ್ತಕದಲ್ಲಿ ಬರೆಸಿ. ತಿಂಗಳಿಗೊಮ್ಮೆ ಹೀಗೆ ಬರೆಯುತ್ತಾ ಹೋದರೆ ಒಂದು ವರ್ಷದಲ್ಲಿ ಯಾವ ತಿಂಗಳು ದರ ಏರುತ್ತದೆ, ಯಾವ ತಿಂಗಳು ಇಳಿಯುತ್ತದೆ ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ.